ಅಕ್ಕನ ಫ್ರೀಜರಿನಲ್ಲಿದ್ದ ಪರಾಗ

ಬೆಳಿಗ್ಗೆ ಏಳಕ್ಕೆ ಸಸ್ಯೋದ್ಯಾನದ ಹೆಣ್ಣುಗಿಡ ಅರಳಿತು. ಗಂಡುಗಿಡದ ಹೂವು ಉದುರಿ ಆಗಲೇ ಮೂರು ವಾರವಾಗಿತ್ತು.

ಆ ಜಾತಿಯಲ್ಲಿ ಉಳಿದಿದ್ದೇ ಈ ಎರಡು ಪೊದೆ. ಹಿಂದೆ ಎರಡೂ ಒಂದೇ ವಾರ ಹೂಬಿಡುತ್ತಿದ್ದವು, ಜೇನುನೊಣ ಪರಾಗ ಹೊತ್ತು ಓಡಾಡುತ್ತಿತ್ತು. ಗಂಡುಗಿಡ ಅರಳುವುದು ಬಿಸಿಲಿನ ಕಾವು ನೋಡಿ. ಹೆಣ್ಣುಗಿಡ ಹಗಲಿನ ಉದ್ದ ನೋಡಿ. ಚಳಿಗಾಲ ಮೊಟಕಾದಂತೆ ಗಂಡುಗಿಡ ಮುಂದೋಡಿತು. ಹಗಲು ಮಾತ್ರ ಬದಲಾಗಲಿಲ್ಲ. ಈಗ ಜೇನಿನ ಕೆಲಸ ತೋಟಗಾರ್ತಿಯದು. ಕಚೇರಿಯ ಫ್ರಿಜ್ಜು ಕೆಟ್ಟು ಕೂತಿದ್ದರಿಂದ, ಒಣಗಿಸಿದ ಪರಾಗದ ಎರಡು ಸೀಸೆಗಳನ್ನು ಅವಳು ಗೇಟಿನೆದುರು ಹೊಲಿಗೆ ಅಂಗಡಿ ಇಟ್ಟಿದ್ದ ಅಕ್ಕನ ಫ್ರೀಜರಿನಲ್ಲಿ ಇಟ್ಟಿದ್ದಳು.

“ಬಂದ್ಲಪ್ಪ ಬೀಗಿತ್ತಿ,” ಎಂದಳು ಅಕ್ಕ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. “ಕೂತ್ಕೋ, ಕಾಫಿ ಮಾಡ್ತೀನಿ.”

“ಕಾಫಿಗೆಲ್ಲಿ ಪುರುಸೊತ್ತಕ್ಕಾ? ಈ ಸೆಕೆಗೆ ಹೂವು ಮಧ್ಯಾಹ್ನದವರೆಗೂ ತಡೆಯಲ್ಲ. ಗಿಡಾನೂ ಅರ್ಧ ಒಣಗಿದೆ. ಈ ಸಲ ಕಾಯಿ ಕಚ್ಚದಿದ್ರೆ ಮುಗೀತು.”

ಫ್ರೀಜರಿನಿಂದ ತೆಗೆದ ಸೀಸೆಯ ತಂಪು ಹೋಗುವ ತನಕ ಮುಚ್ಚಳ ಬಿಚ್ಚಬಾರದು. ಹೊಸಬರಿಗೆ ಅವಳೇ ಹೇಳಿಕೊಡುವ ಮೊದಲ ಪಾಠ ಅದು. ಆದರೆ ಒಂದು ಸೀಸೆ ಹಿಡಿದು ಪೊದೆಯ ಮುಂದೆ ನಿಂತು, ಆಗಲೇ ಜೋತುಬೀಳುತ್ತಿದ್ದ ದಳ ನೋಡಿದವಳು ಬಿಚ್ಚಿಯೇಬಿಟ್ಟಳು. ಗಾಜಿನೊಳಗೆ ಹನಿ ಕಟ್ಟಿತು. ಹಳದಿ ಪುಡಿ ಅಂಟಂಟು ಮುದ್ದೆಯಾಯಿತು. ಹಾಗೆ ತೇವ ಹೀರಿದ ಪರಾಗ ಸತ್ತಂತೆಯೇ.

ಜೋಲುಮುಖ ಹೊತ್ತು ಅಂಗಡಿಗೆ ಮರಳಿದಳು.

“ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಅಮ್ಮ ಅಂತಿದ್ದಿದ್ದು ನಿನ್ನನ್ನ ನೋಡೇ ಕಣೆ.” ಅಕ್ಕ ಎರಡನೆಯ ಸೀಸೆಯನ್ನು ಹೊಲಿಗೆ ಯಂತ್ರದ ಪಕ್ಕ ಇಟ್ಟಳು. “ನಾನು ಹೇಳೋವರೆಗೂ ಇದನ್ನ ಮುಟ್ಟಿದ್ರೆ ಕೈಗೆ ಕತ್ತರಿ ಬೀಳತ್ತೆ.”

“ಅಷ್ಟೊತ್ತಿಗೆ ಹೂವು ಹೋಗಿರತ್ತಲ್ಲ!”

“ಹೂವನ್ನ ನಾನ್ ನೋಡ್ಕೋತೀನಿ. ನೀನು ಕಾಫಿ ಕುಡಿ.”

ಗಿರಾಕಿಯೊಬ್ಬರು ಪರದೆ ಹೊಲಿಯಲು ಕೊಟ್ಟಿದ್ದ ಬಿಳಿ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ, ಅಕ್ಕ ರಸ್ತೆ ದಾಟಿದಳು. ತಂಗಿ ಸೀಸೆಯನ್ನೇ ನೋಡುತ್ತ ಕೂತಳು. ಸೀಸೆಯ ಹೊರಮೈಯ ಬೆವರು ಪೂರ್ತಿ ಆರಿದೆ ಎಂದು ಅಕ್ಕ ಬಂದು ಒರೆಸಿ ನೋಡಿ ಹೇಳಿದ ಮೇಲೇ ಎದ್ದಳು.

ಒದ್ದೆ ಬಟ್ಟೆಯ ಚಪ್ಪರದಡಿ ಎರಡು ಹೂವು ಇನ್ನೂ ತಲೆಯೆತ್ತಿಕೊಂಡಿದ್ದವು. ಈ ಸಲ ಪುಡಿ ಪುಡಿಯಾಗಿಯೇ ಇತ್ತು. ಕುಂಚ ಆಡಿಸುತ್ತ ಕೇಳಿದಳು, “ಬಟ್ಟೆ ಯಾರದಕ್ಕಾ?”

“ಡಾಕ್ಟರಮ್ಮಂದು. ಇಸ್ತ್ರಿ ಮಾಡಿದ್ರೆ ಹೊಸದೇ. ನೀನು ಬಾಯ್ಮುಚ್ಕೊಂಡು ಮದುವೆ ಮುಗಿಸು.”

ಒಂದು ಹೂವು ಉದುರಿತು. ಇನ್ನೊಂದು ಕಾಯಿ ಕಟ್ಟಿತು. ಅದರ ಬೀಜಗಳಲ್ಲಿ ಎರಡು ಮೊಳೆತವು. ಮರುವರ್ಷ ಗಂಡುಗಿಡ ಇನ್ನೂ ನಾಲ್ಕು ದಿನ ಮೊದಲೇ ಅರಳಿತು.