ಗುರುವಾರ ಸಂಜೆಯ ಪೋಸ್ಟು

ಹಾಲಿನಲ್ಲಿ ನೆನೆಸಿದ ಬ್ರೆಡ್ಡಿನ ಚಮಚ ಅಪ್ಪನ ಬಾಯಿಯ ಹತ್ತಿರ ಹೋಗಿದ್ದಾಗಲೇ ಮೇಜಿನ ಮೇಲಿದ್ದ ಫೋನು ಗುಂಯ್‌ಗುಟ್ಟಿತು. ಮಗಳು ಅದರ ಕಡೆ ನೋಡಲಿಲ್ಲ. ಫೋನು ಒಂದು ಕ್ಷಣ ಸುಮ್ಮನಾಗಿ, ಮತ್ತೆ ಗುಂಯ್‌ಗುಟ್ಟಿ, ಆಮೇಲೆ ನಿಲ್ಲುವುದನ್ನೇ ಮರೆತು ಮೇಜಿನ ಅಂಚಿನ ಕಡೆಗೆ ತೆವಳತೊಡಗಿತು. ಅಪ್ಪ ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿ, "ಬೀಳುತ್ತೆ ನೋಡು" ಎಂದ. ಆಸ್ಪತ್ರೆಯಿಂದ ಹಿಂದಿನ ದಿನವಷ್ಟೇ ಮನೆಗೆ ಬಂದಿದ್ದ. ಮಾತು ಇನ್ನೂ ಗಂಟಲು ದಾಟಿ ಬರಲು ಕಷ್ಟಪಡುತ್ತಿತ್ತು.

ಫೋನು ಮಾಡಿದವರು ಬೀದಿಯ ತುದಿಯ ಕನ್ನಡಕದಂಗಡಿಯ ಮಾಲೀಕರು. ಅಳುತ್ತಿದ್ದರು. ಹೋಗಿಬಿಟ್ಟರಂತಲ್ಲಮ್ಮ, ಈಗ ತಾನೇ ನೋಡಿದೆ, ಎಷ್ಟು ಮನಸ್ಸಿಟ್ಟು ಬರೆದಿದ್ದೀಯ, ನಾಳೆ ಎಷ್ಟು ಹೊತ್ತಿಗೆ ಎಂದೆಲ್ಲ ಒಂದೇ ಉಸಿರಿಗೆ ಕೇಳಿದರು. ಯಾರು ಹೋಗಿಬಿಟ್ಟರು ಎಂದು ಅವಳಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಮಂಚದ ಅಂಚಿನಲ್ಲಿ ಕುಸಿದಳು. ಇವತ್ತು ಗುರುವಾರ ಎಂಬುದು ಅವಳಿಗೆ ಆಗ ನೆನಪಾಯಿತು.

ಇದು ಬೇರೆ ಯಾರಿಂದಲೂ ಆಗುವ ತಪ್ಪಲ್ಲ. ಅವಳ ಕಸುಬೇ ಅದು. ಬೀದಿಯ ಅಂಗಡಿಗಳವರಿಗೆ ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು, ಬ್ಲಾಗು ನೋಡಿಕೊಳ್ಳುವುದು. ಕನ್ನಡಕದಂಗಡಿ, ಇಸ್ತ್ರಿ ಅಂಗಡಿ, ಹಲ್ಲಿನ ಡಾಕ್ಟರು, ಇವರೆಲ್ಲರ ಪುಟಗಳು ಅವಳ ಕೈಯಲ್ಲಿದ್ದವು. ಸಾಲದ್ದಕ್ಕೆ 'ನಮ್ಮ ಬೀದಿ' ಎಂಬ ಪುಟವನ್ನು ಬಿಟ್ಟಿಯಾಗಿ ನಡೆಸುತ್ತಿದ್ದಳು. ನೀರು ಯಾವಾಗ ಬರುತ್ತದೆ, ಯಾರ ಬೆಕ್ಕು ಕಳೆದಿದೆ, ಎಲ್ಲ ಅದರಲ್ಲಿ. ಆಗಾಗ ಕನ್ನಡಕದಂಗಡಿಯ ಮಹಡಿಯಲ್ಲಿ ಹತ್ತಾರು ಅಂಗಡಿಯವರನ್ನು ಕೂರಿಸಿಕೊಂಡು ಪಾಠವನ್ನೂ ಹೇಳುತ್ತಿದ್ದಳು. ಮೊದಲ ಸಾಲಿನಲ್ಲೇ ಓದುವವನ ಕೈ ಹಿಡಿಯಬೇಕು. ಫೋಟೋದಲ್ಲಿ ವಸ್ತುವಿಗಿಂತ ಮುಖ ಇರಬೇಕು. ವಾರದ ಪೋಸ್ಟುಗಳನ್ನೆಲ್ಲ ಕೂತಲ್ಲೇ ಬರೆದು ಮುಗಿಸಿ, ಪ್ರತಿಯೊಂದಕ್ಕೂ ದಿನ, ಹೊತ್ತು ಗೊತ್ತುಮಾಡಿ ಇಟ್ಟುಬಿಡಬೇಕು. ಆಮೇಲೆ ಅದರ ಪಾಡಿಗೆ ಅದು ಹೋಗುತ್ತದೆ. ದಿನ ಗೊತ್ತುಮಾಡದ ಬರಹ ಫೋನಿನ ಹೊಟ್ಟೆಯೊಳಗೇ ಸತ್ತುಹೋಗುತ್ತದೆ ಎಂದು ಅವಳು ಹೇಳಿದಾಗ ಎಲ್ಲರೂ ತಲೆದೂಗುತ್ತಿದ್ದರು. ಮತ್ತೆ ತಮ್ಮ ತಮ್ಮ ಅಂಗಡಿಗೆ ಹೋಗಿ ಎಲ್ಲವನ್ನೂ ಅವಳ ತಲೆಗೇ ಕಟ್ಟುತ್ತಿದ್ದರು.

ಹೋದ ವಾರ ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು, ಇನ್ನು ಒಂದೆರಡು ದಿನ ಅಷ್ಟೇ, ಹೇಳಬೇಕಾದವರಿಗೆ ಹೇಳಿಬಿಡಿ ಎಂದಿದ್ದರು. ಅವಳು ಅಲ್ಲೇ ಕಬ್ಬಿಣದ ಬೆಂಚಿನ ಮೇಲೆ ಕುಳಿತು 'ನಮ್ಮ ಬೀದಿ' ಪುಟಕ್ಕೆಂದು ಬರೆದಳು. ಅಳುತ್ತಾ ಬರೆದರೆ ಕೆಡುತ್ತದೆ, ಮೊದಲೇ ಬರೆದಿಡಬೇಕು ಎಂಬುದೂ ಅವಳದೇ ಪಾಠ. ಅಪ್ಪ ಖಾಕಿ ಹಾಕಿಕೊಂಡು ಸ್ಟೇರಿಂಗ್ ಮೇಲೆ ಕೈಯಿಟ್ಟು ಕುಳಿತ ಫೋಟೋ ಆರಿಸಿದಳು. ಓಡಿ ಬರುವವರನ್ನು ಕನ್ನಡಿಯಲ್ಲಿ ನೋಡಿ ಬಸ್ಸು ನಿಲ್ಲಿಸುತ್ತಿದ್ದ ಡ್ರೈವರ್ ಇನ್ನಿಲ್ಲ ಎಂದು ಮೊದಲ ಸಾಲು ಬಂತು. ಕೊನೆಗೆ, ಮಗಳನ್ನೂ ಮಗನನ್ನೂ ಅಗಲಿದ್ದಾರೆ ಎಂದು ಬರೆದಳು. ಬರೆದು ಮುಗಿಸುವ ಹೊತ್ತಿಗೆ ಬೆರಳು ತನ್ನ ರೂಢಿಯಂತೆ ದಿನವನ್ನೂ ಒತ್ತಿತ್ತು. ಬರುವ ಗುರುವಾರ ಸಂಜೆ, ಎಲ್ಲರೂ ಮನೆಗೆ ಬಂದು ಫೋನು ಹಿಡಿಯುವ ಹೊತ್ತು. ಆಮೇಲೆ ಬದಲಾಯಿಸಿದರಾಯಿತು ಎಂದುಕೊಂಡಳು. ಮರುದಿನ ಬೆಳಿಗ್ಗೆ ಅಪ್ಪ ಕಣ್ಣು ಬಿಟ್ಟು, ಪಕ್ಕದ ಮಂಚದಲ್ಲಿ ಲಾರಿಯನ್ನು ಘಾಟಿ ಹತ್ತಿಸಿದ ಹಾಗೆ ಗೊರಕೆ ಹೊಡೆಯುತ್ತಿರುವವನು ಯಾರು ಎಂದು ಕೇಳಿದ. ಆ ಖುಷಿಯಲ್ಲಿ ಅವಳು ಎಲ್ಲ ಮರೆತಳು. ಪೋಸ್ಟು ಮರೆಯಲಿಲ್ಲ.

ಅವಳು ಕನ್ನಡಕದಂಗಡಿಯವರಿಗೆ ತೊದಲುತ್ತಾ ನಿಜ ಹೇಳಿದಳು. ಆ ಕಡೆ ಮೂಗು ಸೀಟುವ ಸದ್ದು, ಅದರ ಹಿಂದೆಯೇ ನಗು. ಅಪ್ಪ ಇನ್ನೂ ನೂರು ವರ್ಷ ಬಾಳಲಿ, ಮೊದಲು ಅದನ್ನು ತೆಗಿ, ತಪ್ಪಾದರೆ ಗಂಟೆಯೊಳಗೆ ಒಪ್ಪಿಕೊಳ್ಳಬೇಕು ಅಂತ ನಮಗೆಲ್ಲ ಹೇಳಿಕೊಟ್ಟವಳು ನೀನೇ ಅಲ್ಲವೇ ಎಂದರು. ಈಗಲೇ ತೆಗೆಯುತ್ತೇನೆ ಸಾರ್ ಎಂದು ಅವಳು ಫೋನಿಟ್ಟಳು. ಎರಡು ಸಾಲಿನ ಕ್ಷಮಾಪಣೆಯನ್ನೂ ಬರೆದಳು. ನಮ್ಮ ತಂದೆಯವರು ಬದುಕಿದ್ದಾರೆ, ತಪ್ಪು ನನ್ನದು. ಮೊದಲ ಸಾಲು ಚೆನ್ನಾಗಿಯೇ ಬಂದಿದೆ ಎಂದು ಅನ್ನಿಸಿ ತನ್ನ ಮೇಲೇ ಅವಳಿಗೆ ಹೇಸಿಗೆಯಾಯಿತು.

"ಏನದು, ಕೊಡಿಲ್ಲಿ" ಎಂದ ಅಪ್ಪ. ಅವಳು ಫೋನನ್ನು ಬೆನ್ನ ಹಿಂದೆ ಹಿಡಿದಳು. ಆದರೆ ಇಡೀ ಜೀವಮಾನ ಬೇರೆಯವರ ಮುಖವನ್ನು ಕನ್ನಡಿಯಲ್ಲಿ ಓದಿದ ಮನುಷ್ಯನಿಂದ ಏನು ಮುಚ್ಚಿಡುವುದು. ಕನ್ನಡಕ ಹಾಕಿಕೊಂಡು ಅವನು ತನ್ನ ಸಾವನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ತುಟಿಗಳು ಅಲುಗುತ್ತಿದ್ದವು. ಕೆಳಗೆ ಜನ ಬರೆಯುತ್ತಲೇ ಇದ್ದರು. ಗರ್ಭಿಣಿಯಾಗಿದ್ದಾಗ ನನ್ನನ್ನು ಮನೆಯ ಬಾಗಿಲಲ್ಲೇ ಇಳಿಸಿದ್ದರು ಎಂದು ಒಬ್ಬಳು. ಚಿಲ್ಲರೆ ಇಲ್ಲ ಎಂದು ಕಂಡಕ್ಟರ್ ಇಳಿಸಲು ಬಂದಾಗ ಇವರು ಜೇಬಿನಿಂದ ಕೊಟ್ಟರು ಎಂದು ಇನ್ನೊಬ್ಬ. ಉಳಿದವರೆಲ್ಲ ಆತ್ಮಕ್ಕೆ ಶಾಂತಿ ಕೋರಿದವರು. ಮಗಳು ಕ್ಷಮಿಸು ಎನ್ನಲು ಬಾಯಿ ತೆರೆದಳು. ಮಾತು ಬರುವ ಬದಲು ಅಳು ಬಂತು.

"ಚೆನ್ನಾಗಿ ಬರ್ದಿದೀಯ" ಎಂದ ಅಪ್ಪ. ಬೆರಳಿನಿಂದ ಹೆಸರುಗಳನ್ನು ಮೇಲೆ ಕೆಳಗೆ ಸರಿಸುತ್ತಾ ಹೋದ. ಯಾವುದನ್ನೋ ಹುಡುಕುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಯಾರನ್ನು ಎಂಬುದೂ ಗೊತ್ತಾಯಿತು.

"ನಿಮ್ಮಣ್ಣ ನೋಡಿರ್ತಾನಾ?"

ಅಣ್ಣನೂ ಅದೇ ಡಿಪೋದಲ್ಲಿ ಡ್ರೈವರ್ ಆಗಿದ್ದ. ಒಂದು ಮಧ್ಯಾಹ್ನ ಅವನ ಬಸ್ಸಿನಡಿಗೆ ರಸ್ತೆ ದಾಟುತ್ತಿದ್ದ ಹೆಂಗಸೊಬ್ಬಳು ಸಿಕ್ಕಿ ಸತ್ತಳು. ಬ್ರೇಕ್ ಹಿಡಿಯಲಿಲ್ಲ ಎಂದು ಅವನು ಹೇಳಿದ. ಅದೇ ಬಸ್ಸನ್ನು ಬೆಳಗಿನ ಪಾಳಿಯಲ್ಲಿ ಅಪ್ಪ ಓಡಿಸಿದ್ದ. ಬ್ರೇಕ್ ಬೆಳಿಗ್ಗೆಯೇ ಸಡಿಲವಿತ್ತು ಎಂದು ಅಪ್ಪ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ವಿಚಾರಣೆಯ ದಿನ ಅಣ್ಣ ಅಪ್ಪನ ಕಾಲು ಹಿಡಿದುಕೊಂಡಿದ್ದ. ಅಪ್ಪ ಒಳಗೆ ಹೋಗಿ, ಬ್ರೇಕ್ ಸರಿಯಾಗಿತ್ತು ಎಂದು ಹೇಳಿ ಬಂದ. ಅಣ್ಣನ ಕೆಲಸ ಹೋಯಿತು, ಜೈಲೂ ಆಯಿತು. ಬಿಡುಗಡೆಯಾದ ಮೇಲೆ ಸೇತುವೆಯ ಆಚೆ ಪಂಕ್ಚರ್ ಅಂಗಡಿ ಇಟ್ಟುಕೊಂಡ. ಈ ಮನೆಯ ಹೊಸ್ತಿಲು ತುಳಿಯಲಿಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾನೆ ಎಂದು ಅವಳು ಕಳಿಸಿದ ಮೆಸೇಜುಗಳನ್ನೆಲ್ಲ ಅವನು ಓದಿದ್ದ. ಎರಡು ನೀಲಿ ಗೆರೆ ಬಿದ್ದಿದ್ದವು. ಉತ್ತರವಿಲ್ಲ.

ತೆಗೆದುಬಿಡುತ್ತೇನೆ ಅಪ್ಪ, ಹೊತ್ತಾದಷ್ಟೂ ಕಷ್ಟ ಎಂದು ಅವಳು ಕೈ ಚಾಚಿದಳು. ಅಪ್ಪ ಫೋನನ್ನು ಎದೆಗೆ ಒತ್ತಿಕೊಂಡ. ನೀರು ತುಂಬಿದ್ದ ಎದೆ ಅದರ ಕೆಳಗೆ ಏರಿಳಿಯುತ್ತಿತ್ತು.

"ಇರ್ಲಿ ಬಿಡು. ಬದುಕಿರೋ ಅಪ್ಪನ್ನ ನೋಡೋಕೆ ಅವನು ಬರಲ್ಲ."

ಅವಳು ಗೋಡೆಗೆ ಒರಗಿ ಕುಳಿತಳು. ಇದನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಆದರೆ ತಪ್ಪು, ಗೊತ್ತಾದ ಮೇಲೂ ಬಿಟ್ಟರೆ ಸುಳ್ಳು. ಅಪ್ಪನ ಸಾವಿನ ಸುಳ್ಳು ಸುದ್ದಿ ಹಬ್ಬಿಸಿದವಳ ಕೈಗೆ ಯಾರು ತಮ್ಮ ಅಂಗಡಿಯ ಹೆಸರು ಕೊಡುತ್ತಾರೆ? ಅಪ್ಪ ಸರಿ ಎಂದು ಅವಳಿಗೆ ಅನ್ನಿಸಲಿಲ್ಲ. ಅವನ ಮುಖ ನೋಡಿದ ಮೇಲೆ ಬೇಡ ಎನ್ನಲೂ ಆಗಲಿಲ್ಲ. ಫೋನು ಕೈಗೆ ಬಂದಾಗ ಬರೆದಿಟ್ಟಿದ್ದ ಕ್ಷಮಾಪಣೆಯ ಎರಡು ಸಾಲನ್ನು ಹಾಕದೆ, ಪೋಸ್ಟನ್ನು ಮುಟ್ಟದೆ ಬಿಟ್ಟಳು.

ಕನ್ನಡಕದಂಗಡಿಯವರು ಮತ್ತೆ ಮತ್ತೆ ಫೋನು ಮಾಡಿದರು. ಅವಳು ಎತ್ತಲಿಲ್ಲ. ಕೊನೆಗೆ ಮೆಸೇಜು ಬಂತು. ಜನ ಅಂಗಡಿಗೆ ಬಂದು ನನ್ನನ್ನು ಕೇಳುತ್ತಿದ್ದಾರೆ, ನಾನು ಏನು ಹೇಳಲಿ, ಹೆತ್ತವರ ವಿಷಯದಲ್ಲಿ ಆಟ ಆಡುವುದು ನನಗೆ ಹಿಡಿಸುವುದಿಲ್ಲ, ನಮ್ಮ ಪುಟದ ಪಾಸ್‌ವರ್ಡು ಕಳಿಸಿಬಿಡು. ಅವಳು ಕಳಿಸಿದಳು. ಅವಳ ಮೊದಲ ಗಿರಾಕಿ ಅವರೇ. ಮುಖವಿಲ್ಲದ ಕನ್ನಡಕದ ಫೋಟೋಗಳನ್ನು ತೆಗೆದುಹಾಕಿ, ಅವರ ಮೊಮ್ಮಗಳಿಗೆ ಕನ್ನಡಕ ಹಾಕಿ ನಗಿಸಿ, ಆ ಪುಟವನ್ನು ಅವಳು ಮಗುವಿನ ಹಾಗೆ ಬೆಳೆಸಿದ್ದಳು. ಹಲ್ಲಿನ ಡಾಕ್ಟರು ನಾಳೆ ಕೇಳಬಹುದು. ಆಮೇಲೆ ಉಳಿದವರು.

ಬೆಳಕು ಮಸುಕಾಗುವ ಹೊತ್ತಿಗೆ ಬಾಗಿಲ ಹೊರಗೆ ಬೈಕೊಂದು ಬಂದು, ಗಕ್ಕನೆ ನಿಂತಿತು. ಅಪ್ಪ ದಿಂಬಿನಿಂದ ತಲೆಯೆತ್ತಿದ.

"ಅವನೇ. ಇನ್ನೂ ಹಾಗೇ ಹಿಡೀತಾನೆ ಬ್ರೇಕು."

ಅಪ್ಪನ ಮುಖ ಅರಳಿದ್ದನ್ನು ಅವಳು ಕಂಡಳು. ಕೂಡಲೇ ಅದು ಹೆದರಿದ್ದನ್ನೂ ಕಂಡಳು. ಅಪ್ಪ ಕನ್ನಡಕ ಕಿತ್ತು ಅವಳ ಕೈಗೆ ತುರುಕಿದ. ದಿಂಬಿನಿಂದ ಜಾರಿ ಚಪ್ಪಟೆಯಾಗಿ ಮಲಗಿದ. ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡು, ಏನೂ ಹೇಳಬೇಡ ಎಂಬಂತೆ ಅವಳ ಕಡೆ ಒಮ್ಮೆ ನೋಡಿ, ಕಣ್ಣು ಮುಚ್ಚಿದ. ಅವಳಿಗೆ ನಗು ಬರುವಂತಾಯಿತು. ಬಟ್ಟಲನ್ನು ಎತ್ತಿಡಬೇಕು ಎಂದುಕೊಳ್ಳುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಅಣ್ಣ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಉಗುರುಗಳಲ್ಲಿ ಟೈರಿನ ಕಪ್ಪು. ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ಅವಳನ್ನು ಹೇಗಿದ್ದೀಯ ಎಂದೂ ಕೇಳಲಿಲ್ಲ.

"ಯಾರೂ ಬಂದಿಲ್ವಾ?"

"ನಾಳೆ ಬರ್ತಾರಣ್ಣ" ಎಂದಳು. ಪೋಸ್ಟು ತಾನಾಗಿ ಹೋದದ್ದು. ಈ ಸುಳ್ಳನ್ನು ಮಾತ್ರ ಅವಳ ಬಾಯಿಯೇ ಹೇಳಿತು.

ಅವನು ಒಳಗೆ ಬಂದು ಮಂಚದ ಪಕ್ಕ ನಿಂತ. ಹೆಲ್ಮೆಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ನೆಲದ ಮೇಲಿಟ್ಟು ಅದರ ಪಕ್ಕದಲ್ಲಿ ತಾನೂ ಕುಳಿತ. ಹೊದಿಕೆಯ ಹೊರಗೆ ಅಪ್ಪನ ಪಾದ ಕಾಣುತ್ತಿತ್ತು. ಬ್ರೇಕು ತುಳಿದು ತುಳಿದು ಬಲಗಾಲಿನ ಹೆಬ್ಬೆರಳು ಒಂದು ಕಡೆಗೆ ವಾಲಿತ್ತು. ಅಣ್ಣ ಅದನ್ನೇ ನೋಡುತ್ತಾ ಕುಳಿತ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅಪ್ಪ ಉಸಿರು ಬಿಗಿಹಿಡಿದಿದ್ದಾನೆ, ಈ ಎದೆಗೆ ಅದು ಹೆಚ್ಚು ಹೊತ್ತು ಆಗದು ಎಂದು ಅವಳಿಗೆ ಗೊತ್ತಿತ್ತು. ಸಾಕು ಎದ್ದೇಳಪ್ಪ ಎಂದು ಕೂಗಿಬಿಡಲೇ ಎನ್ನಿಸಿತು.

"ಬ್ರೇಕ್ ಸರಿಯಾಗೇ ಇತ್ತಪ್ಪ" ಎಂದ ಅಣ್ಣ, ಪಾದಕ್ಕೆ ಹೇಳುವವನ ಹಾಗೆ. "ನಾನು ಫೋನ್ ನೋಡ್ತಿದ್ದೆ. ತಲೆ ಎತ್ತಿದಾಗ ಅವಳು ಗಾಜಿನ ಮುಂದೇನೇ ಇದ್ಲು."

ಅಂಗೈಯಿಂದ ಮುಖ ಒರೆಸಿಕೊಂಡ. ಕೆನ್ನೆಯ ಮೇಲೆ ಕಪ್ಪು ಗೆರೆ ಮೂಡಿತು. ಎದ್ದು ಒಂದು ಹೆಜ್ಜೆ ಮುಂದೆ ಬಂದು, ಮೊದಲ ಸಲ ಅಪ್ಪನ ಮುಖವನ್ನು ನೋಡಿದ. ನೋಡುತ್ತಲೇ ನಿಂತ. ಅವನ ಕಣ್ಣು ಮುಖದಿಂದ ಹೊದಿಕೆಗೆ, ಹೊದಿಕೆಯಿಂದ ಮೇಜಿನ ಮೇಲಿನ ಬಟ್ಟಲಿಗೆ, ಅದರೊಳಗಿನ ಚಮಚಕ್ಕೆ ಹೋಗಿ ಮತ್ತೆ ಮುಖಕ್ಕೆ ಬಂತು. ಅಪ್ಪನ ಮುಚ್ಚಿದ ರೆಪ್ಪೆಯ ತುದಿಯಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಕೋಣೆಯಲ್ಲಿ ಫೋನಿನ ಗುಂಯ್‌ಗುಟ್ಟುವಿಕೆ ನಡೆದೇ ಇತ್ತು. ಅಣ್ಣ ಕೈ ಚಾಚಿದ. ಮುಟ್ಟುತ್ತಾನೆ ಎಂದುಕೊಂಡಳು. ಅವನು ಪಾದದ ಮೇಲೆ ಹೊದಿಕೆ ಎಳೆದು, ಹೆಲ್ಮೆಟ್ ಎತ್ತಿಕೊಂಡ.

ಬಾಗಿಲ ಹತ್ತಿರ ಅವಳನ್ನು ದಾಟುವಾಗ ಅವಳ ಮುಖ ನೋಡದೆ ಹೇಳಿದ. "ತುಟಿ ಮೇಲೆ ಹಾಲು ಹಾಗೇ ಇದೆ. ಒರೆಸು."

ಬೈಕಿನ ಸದ್ದು ಬೀದಿಯ ತಿರುವು ದಾಟಿ ಕರಗಿತು. ಅಪ್ಪ ಉಸಿರು ಬಿಟ್ಟು, ಕೆಮ್ಮಿ, ಏದುಸಿರು ಬಿಡತೊಡಗಿದ. ಅವಳು ಓಡಿಹೋಗಿ ಅವನನ್ನು ಎತ್ತಿ ದಿಂಬಿಗೆ ಒರಗಿಸಿದಳು. ಒದ್ದೆ ಬಟ್ಟೆಯಿಂದ ತುಟಿಯನ್ನೂ ಕಿವಿಯ ಹತ್ತಿರದ ತೇವವನ್ನೂ ಒರೆಸಿದಳು. ಅಪ್ಪ ಕಣ್ಣು ತೆರೆಯಲಿಲ್ಲ. ಏದುಸಿರು ಇಳಿದ ಮೇಲೆ, ಹೋದನಾ ಎಂದು ಕೇಳಿದ. ಹೂಂ ಎಂದಳು. ಅವನಿಗೆ ಗೊತ್ತಾಯಿತಾ ಎಂದು ಕೇಳಿದ. ಅವಳು ಒದ್ದೆ ಬಟ್ಟೆಯನ್ನು ಮಡಚಿ ಮೇಜಿನ ಮೇಲಿಟ್ಟಳು.

"ಇನ್ನು ತೆಗೆದುಬಿಡು ಅದನ್ನ" ಎಂದ.

ಅವಳು ಫೋನು ಕೈಗೆತ್ತಿಕೊಂಡಳು. ಪೋಸ್ಟಿನ ಕೆಳಗೆ ಆಗ ತಾನೇ ಬಂದ ಸಾಲು ಎಲ್ಲಕ್ಕಿಂತ ಕೊನೆಯಲ್ಲಿತ್ತು. ಅಣ್ಣನ ಹೆಸರು. ಎಲ್ಲೋ ಸೇತುವೆಯ ಹತ್ತಿರ ಬೈಕು ನಿಲ್ಲಿಸಿ ಬರೆದಿರಬೇಕು. ಆತ್ಮಕ್ಕೆ ಶಾಂತಿ ಸಿಗಲಿ, ಅಷ್ಟೇ. ಎಲ್ಲರೂ ಬರೆದದ್ದೇ. ಅವಳು ಅದನ್ನು ಮತ್ತೆ ಮತ್ತೆ ಓದಿದಳು.

"ಏನಾದ್ರೂ ಬರ್ದಿದಾನಾ ಅವನು?"

"ಇಲ್ಲಪ್ಪ."

ಅವಳು ಪೋಸ್ಟನ್ನು ಅಳಿಸಿದಳು. ಡ್ರೈವರನ ಫೋಟೋ, ಬಸುರಿ ಹೆಂಗಸಿನ ಮಾತು, ಆ ಕೊನೆಯ ಸಾಲು, ಎಲ್ಲ ಒಟ್ಟಿಗೆ ಹೋದವು. ಬರೆದಿಟ್ಟಿದ್ದ ಎರಡು ಸಾಲನ್ನು ಆ ಜಾಗಕ್ಕೆ ಹಾಕಿ ಫೋನನ್ನು ಬೋರಲಾಗಿಟ್ಟಳು. ಬಟ್ಟಲಿನಲ್ಲಿ ಬ್ರೆಡ್ಡು ಹಾಲನ್ನೆಲ್ಲ ಕುಡಿದು ಊದಿಕೊಂಡಿತ್ತು. ಚಮಚದಿಂದ ಸ್ವಲ್ಪ ಮುರಿದು, ತಣ್ಣಗಾಗಿದೆಯಪ್ಪ, ಬಿಸಿ ಮಾಡಿ ತರಲಾ ಎಂದು ಕೇಳಿದಳು. ಅಪ್ಪ ಬೇಡವೆಂದು ತಲೆಯಾಡಿಸಿದ. ಕಣ್ಣು ಮುಚ್ಚಿಕೊಂಡೇ ಬಾಯಿ ತೆರೆದ.