ಕುವೈತ್ ಕಡಲೆ

ಮುಖ್ತಾರ್ ಕುವೈತಿನಿಂದ ರಜೆಗೆ ಬಂದಾಗ ಒಂದು ಟೇಪ್‌ರೆಕಾರ್ಡರ್, ಎರಡು ಕಂಬಳಿ ಮತ್ತು ಆರು ಡಬ್ಬಿ ಕಡಲೆ ತಂದಿದ್ದ. ಅವನು ವಾಪಸ್ ಹೋದ ಮೇಲೆ ಟೇಪ್‌ರೆಕಾರ್ಡರ್ ಕೆಟ್ಟಿತು, ಕಂಬಳಿಗಳು ಪೆಟ್ಟಿಗೆ ಸೇರಿದವು. ಡಬ್ಬಿಗಳು ಮಾತ್ರ ಚನ್ನಗಿರಿಯ ಆ ಮನೆಯ ಪಡಸಾಲೆಯಲ್ಲಿ, ಗಾಜಿನ ಶೋಕೇಸಿನೊಳಗೆ, ಪ್ಲಾಸ್ಟಿಕ್ ಹೂವಿನ ಪಕ್ಕ ಸಾಲಾಗಿ ನಿಂತವು. ಡಬ್ಬಿಯ ಮೇಲೆ ನೆಲ್ಲಿಕಾಯಿ ಗಾತ್ರದ ಕಡಲೆಯ ಚಿತ್ರ. ಮುಖ್ತಾರನ ತಾಯಿ ದಿಲ್‌ಶಾದ್ ಬೇಗಂ ಶುಕ್ರವಾರಕ್ಕೊಮ್ಮೆ ಒಂದೊಂದನ್ನೇ ಎತ್ತಿ, ಸೆರಗಿನಲ್ಲಿ ಒರೆಸಿ, ಚಿತ್ರ ಮುಂದೆ ಬರುವಂತೆ ಇಡುತ್ತಿದ್ದಳು.

ಇದು ಎಂಬತ್ತಮೂರನೇ ಇಸವಿಯ ಮಾತು. ಮುಖ್ತಾರನ ಹೆಂಡತಿ ಮೆಹರಾಜ್ ಆಗ ಏಳು ತಿಂಗಳ ಬಸುರಿ. ಅವಳ ತವರು ಜಗಳೂರು ಕಡೆಯ ಸೊಕ್ಕೆ. ಮಗಳನ್ನು ನೋಡಲು ಬಂದ ಅಪ್ಪ ಒಂದು ಚೀಲ ಕಡಲೆ ಹೊತ್ತು ತಂದಿದ್ದ. ಶೋಕೇಸ್ ನೋಡಿ ನಕ್ಕ.

"ನಮ್ ಎರೆ ಹೊಲದ್ದು ಬಸ್ಸಿನ ಟಾಪ್ ಮ್ಯಾಲೆ ಬಂತು, ಇದು ವಿಮಾನದಾಗೆ ಬಂತು. ಅಷ್ಟೇ ಫರಕ್."

ಬೀಗಿತ್ತಿ ನಗಲಿಲ್ಲ. ಚೀಲ ಅಟ್ಟ ಸೇರಿತು.

ಚೀಲ ಅಟ್ಟ ಸೇರಲು ಕಾರಣವಿತ್ತು. ಹಿಂದಿನ ಸಲ ಬಸುರಾಗಿದ್ದಾಗ ಮೆಹರಾಜ್ ತವರಿಗೆ ಹೋಗಿ ಕಡಲೆ ಉಸಲಿ ತಿಂದು ಬಂದಿದ್ದಳು. ಅದಾದ ವಾರದೊಳಗೆ ಮಗು ಹೊಟ್ಟೆಯಲ್ಲೇ ಸತ್ತಿತ್ತು. ಕಡಲೆ ವಾಯು, ವಾಯು ಮಗುವನ್ನು ಹಿಡಿಯಿತು ಎಂದು ದಿಲ್‌ಶಾದ್ ತೀರ್ಮಾನಿಸಿದಳು. ಅವಳು ಕೆಟ್ಟ ಹೆಂಗಸಲ್ಲ. ಅವಳಿಗೊಂದು ಕಾರಣ ಬೇಕಿತ್ತು, ಕಡಲೆ ಕೈಗೆ ಸಿಕ್ಕಿತು. ಅಂದಿನಿಂದ ಬಸುರಿಗೆ ಕಡಲೆ, ಅವರೆ, ಅಲಸಂದೆ ಎಲ್ಲ ಬಂದ್. ಮನೆಯಲ್ಲಿ ಮಾಂಸ ಮಾಡಿದ ದಿನ ಹೆಂಗಸರು ಕೊನೆಗೆ ಉಣ್ಣುತ್ತಿದ್ದರು. ಅಷ್ಟೊತ್ತಿಗೆ ಪಾತ್ರೆಯಲ್ಲಿ ಸಾರು ಮಾತ್ರ ಉಳಿದಿರುತ್ತಿತ್ತು. ರಕ್ತಕ್ಕೆಂದು ಕೊಡುವ ಸರ್ಕಾರಿ ಗುಳಿಗೆ ನುಂಗಿದರೆ ಮೆಹರಾಜ್‌ಗೆ ವಾಂತಿ.

ನರ್ಸ್ ಕೊಟ್ರಮ್ಮ ಹೊನ್ನಾಳಿಯವಳು, ಬಾಯಿ ಜೋರು. ಮನೆ ಮನೆ ತಿರುಗುತ್ತಾ ಬಂದವಳು ಮೆಹರಾಜ್‌ಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು.

"ಏನಮ್ಮಾ ಇದು, ಸುಣ್ಣ ಬಳದಂಗೈತೆ! ಮೈಯಾಗೆ ರಕ್ತಾನೇ ಇಲ್ಲ. ಹಿಂಗೇ ಇದ್ರೆ ಹೆರಿಗೇಲಿ ನೀನೂ ಉಳಿಯಾಕಿಲ್ಲ, ಕೂಸೂ ಉಳಿಯಾಕಿಲ್ಲ. ಕಾಳು ತಿನ್ನು. ಕಡಲೆ ಬೇಯ್ಸಿ ನಿಂಬೆಹಣ್ಣು ಹಿಂಡ್ಕೊಂಡು ದಿನಾ ಒಂದು ಬೊಗಸೆ ತಿನ್ನು. ನಿಂಬೆ ಇದ್ರೆ ಕಬ್ಬಿಣದ ಅಂಶ ಮೈಗೆ ಹತ್ತುತೈತೆ."

"ಕಡಲೆ ವಾಯು ಸಿಸ್ಟರಮ್ಮಾ," ಎಂದಳು ದಿಲ್‌ಶಾದ್.

"ನೆನೆಸಿ ಮೆತ್ತಗೆ ಬೇಯ್ಸಿದ್ರೆ ಎಲ್ಲೀ ವಾಯು?" ಕೊಟ್ರಮ್ಮನ ಕಣ್ಣು ಶೋಕೇಸಿಗೆ ಹೋಯಿತು. ಒಂದು ಡಬ್ಬಿ ತೆಗೆದು ಹಿಂದಿನ ಅಕ್ಷರ ಓದಿದಳು. "ಕಡಲೆ, ನೀರು, ಉಪ್ಪು. ಬೇಯ್ಸೇ ತುಂಬವ್ರೆ ನೋಡ್ರಿ. ಇದ್ನೇ ಕೊಡ್ರಿ. ಉಪ್ಪು ಜಾಸ್ತಿ ಇರ್ತೈತೆ, ನೀರು ಚೆಲ್ಲಿ ತೊಳೆದು ಕೊಡ್ರಿ, ಇಲ್ಲಾಂದ್ರೆ ಕಾಲು ಊದ್ತಾವೆ."

ದಿಲ್‌ಶಾದ್ ಡಬ್ಬಿಯನ್ನು ಅವಳ ಕೈಯಿಂದ ಇಸಿದುಕೊಂಡಳು.

"ಇದು ತಿನ್ನಾಕಲ್ರೀ ಸಿಸ್ಟರಮ್ಮಾ, ಇಡಾಕೆ. ನಮ್ ಮುಖ್ತಾರನ ತಂಗೀನ ನೋಡಾಕೆ ನ್ಯಾಮತಿಯಿಂದ ಗಂಡಿನೋರು ಬರೋರವ್ರೆ."

ಮೆಹರಾಜ್ ಆ ರಾತ್ರಿ ಅತ್ತಳು. ಬೆಳಿಗ್ಗೆ ಎದ್ದು ಲೆಕ್ಕ ಹಾಕಿದಳು. ಅಟ್ಟದ ಕಡಲೆ ಕದಿಯಬಹುದು, ಆದರೆ ನೆನೆಸಬೇಕು, ಬೇಯಿಸಬೇಕು. ಅತ್ತೆಯ ಕಣ್ಣು ತಪ್ಪಿಸಿ ಒಲೆ ಹಚ್ಚುವುದುಂಟೇ? ಡಬ್ಬಿಯದಾದರೆ ಒಲೆ ಬೇಡ, ವಾಸನೆಯಿಲ್ಲ.

ಮಧ್ಯಾಹ್ನ ಮಾವ ರಸೂಲ್ ನಮಾಜಿಗೆ, ಅತ್ತೆ ಪಕ್ಕದ ಮನೆಗೆ, ನಾದಿನಿ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದರು. ಮಾವನದು ಸೈಕಲ್ ಶಾಪು, ಮನೆಯ ಮುಂಭಾಗದಲ್ಲೇ. ಅಲ್ಲಿಂದ ಉಳಿ ತಂದು, ಡಬ್ಬಿಯನ್ನು ಬೋರಲು ಹಾಕಿ, ಅದರ ತಳ ಕತ್ತರಿಸಿದಳು. ಎದುರಿಗೆ ಕಾಣುವುದು ಮೇಲಿನ ಮುಚ್ಚಳ ತಾನೇ? ಕಡಲೆಯನ್ನು ತೊಳೆದು, ನಿಂಬೆ ಹಿಂಡಿ ತಿಂದಳು. ರುಚಿ ಸಪ್ಪೆ. ತೊಳೆದರೂ ಬಾಯಲ್ಲಿ ಉಪ್ಪು ಉಳಿಯಿತು. ಆದರೂ ಅಂದು ಸಂಜೆ ಕೊಡ ಹೊರುವಾಗ ಕಣ್ಣು ಕತ್ತಲೆ ಬಂದಂತಾಗಲಿಲ್ಲ, ಅಥವಾ ಹಾಗೆಂದು ಅವಳಿಗೆ ಅನಿಸಿತು.

ಖಾಲಿ ಡಬ್ಬಿ ಹಗುರ. ಶುಕ್ರವಾರ ಅತ್ತೆ ಎತ್ತಿದರೆ ಸಿಕ್ಕಿಬೀಳುವುದು ಗ್ಯಾರಂಟಿ. ಅಟ್ಟ ಹತ್ತಿ ಅಪ್ಪನ ಕಡಲೆಯನ್ನು ತಂದು ತುಂಬಿದಳು. ಗಲಗಲ ಅನ್ನಬಾರದೆಂದು ಮಸಿಬಟ್ಟೆಯ ಗಂಟಿನಿಂದ ಹಳೇ ಸೀರೆಯ ತುಂಡೊಂದನ್ನು ಎಳೆದು ತುರುಕಿದಳು. ತಳವನ್ನು ಪಂಕ್ಚರ್ ಸಲ್ಯೂಷನ್‌ನಿಂದ ಅಂಟಿಸಿ, ಅಂಚಿಗೆ ಟ್ಯೂಬಿನ ರಬ್ಬರ್ ಪಟ್ಟಿ ಕೂರಿಸಿದಳು. ಶೋಕೇಸಿನಲ್ಲಿ ಡಬ್ಬಿ ಮೊದಲಿನ ಹಾಗೇ ನಿಂತಿತು.

ಹೀಗೆ ಐದು ಡಬ್ಬಿ ಖಾಲಿಯಾದವು. ಮುಂದಿನ ಸಲ ಕೊಟ್ರಮ್ಮ ರೆಪ್ಪೆ ಎಳೆದು, "ಪರವಾಗಿಲ್ಲ, ಕೆಂಪು ತಿರುಗ್ತಾ ಐತೆ. ಇನ್ನೂ ಬೇಕು, ನಿಲ್ಲಿಸ್ಬ್ಯಾಡ," ಎಂದಳು. ದಿಲ್‌ಶಾದ್ ಅದನ್ನು ತಾನು ಸೊಸೆಗೆ ಕಟ್ಟಿಸಿದ್ದ ತಾಯಿತದ ಲೆಕ್ಕಕ್ಕೆ ಬರೆದಳು. ಉಳಿದದ್ದು ಮೂಲೆಯ ಒಂದೇ ಡಬ್ಬಿ. ಅದು ಮುಗಿದರೆ ಮುಂದೇನು ಎಂದು ಮೆಹರಾಜ್‌ಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ನ್ಯಾಮತಿಯವರು ಬಂದರು. ಬಟ್ಟೆ ಅಂಗಡಿಯ ಕುಳ. ಹುಡುಗನ ತಾಯಿ ಹುಡುಗಿಯನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಶೋಕೇಸ್ ನೋಡಿದಳು. ದಿಲ್‌ಶಾದ್ ಉಬ್ಬಿ, ಮುಂದಿದ್ದ ಡಬ್ಬಿಯನ್ನು ತೆಗೆದು ಉಡುಗೊರೆಯೆಂದು ಅವಳ ಕೈಗಿಟ್ಟಳು. ಮೆಹರಾಜ್ ಚಹಾ ತಟ್ಟೆ ಕೆಳಗಿಟ್ಟು ಮುಂದೆ ಬಂದಳು.

"ಅಮ್ಮಾ, ಆ ಮೂಲೇದು ಕೊಡೋಣ, ಅದು ಹೊಸದಿದ್ದಂಗೈತೆ."

"ಎಲ್ಲಾ ಒಂದೇ. ಸುಮ್ನಿರು."

ಆಮೇಲಿನ ದಿನಗಳನ್ನು ಮೆಹರಾಜ್ ಬಟ್ಟೆ ಗಂಟು ಕಟ್ಟಿಟ್ಟುಕೊಂಡೇ ಕಳೆದಳು. ಸಂಬಂಧ ಮುರಿದರೆ ತನ್ನನ್ನು ಸೊಕ್ಕೆಯ ಬಸ್ಸಿಗೆ ಹತ್ತಿಸುತ್ತಾರೆ. ಈ ಹೊಟ್ಟೆ ಹೊತ್ತುಕೊಂಡು ಆ ಬಸ್ಸಿನಲ್ಲಿ ಕುಲುಕಿದರೆ ಏನಾದೀತೆಂದು ಅವಳಿಗೆ ಗೊತ್ತಿತ್ತು.

ಹುಡುಗನ ತಾಯಿ ಮತ್ತೆ ಬಂದಳು, ಸಕ್ಕರೆ ಪೊಟ್ಟಣ ಸಮೇತ. ಮಾತು ಪಕ್ಕಾ ಮಾಡಲು. ಮೆಹರಾಜ್ ಪರದೆಯ ಹಿಂದೆ ನಿಂತಳು.

"ಏನ್ ಕಡಲೇರೀ ಅದು! ನೆನೆಸಿ ಬೇಯ್ಸಿದ್ವಿ, ಬೆಣ್ಣೆ ಬೆಣ್ಣೆ. ನಮ್ ಕಡಲೆಗೆ ಆ ರುಚಿ ಎಲ್ಲಿ ಬರಬೇಕು!"

"ನೆನೆಸಿದ್ರಾ?" ಎಂದಳು ದಿಲ್‌ಶಾದ್.

"ಹೂಂ ಮತ್ತೆ, ಒಣಗಡಲೆ. ತೇವ ಹಿಡೀಬಾರ್ದು ಅಂತ ತಳಕ್ಕೆ ಬಟ್ಟೇನೂ ಇಟ್ಟವ್ರೆ. ಎಂಥಾ ಬುದ್ಧಿರೀ ಆ ದೇಶದೋರ್ದು!" ಅವಳು ಚೀಲದಿಂದ ತೊಳೆದು ಮಡಿಸಿದ ಬಟ್ಟೆಯ ತುಂಡು ತೆಗೆದಳು. "ಬಟ್ಟೆ ಅಂಗಡಿಯೋರು ನಾವು, ಇಂಥ ಮಾಲು ನೋಡಿರ್ಲಿಲ್ಲ."

ಹಸಿರು ಅಂಚು, ಹಳದಿ ಚುಕ್ಕೆ. ದಿಲ್‌ಶಾದ್ ಎಷ್ಟೋ ವರ್ಷ ಉಟ್ಟು, ಹರಿದು, ಮಸಿಬಟ್ಟೆ ಮಾಡಿದ ಸೀರೆ. ಅವಳು ಆ ತುಂಡನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಪರದೆಯ ಕಡೆಗೆ ಒಮ್ಮೆ ನೋಡಿದಳು.

"ಹೌದ್ರೀ," ಎಂದಳು. "ಫಾರಿನ್ ಮಾಲು."

ಸಕ್ಕರೆ ಹಂಚಿದ್ದಾಯಿತು. ಬೀಗಿತ್ತಿಯನ್ನು ಬಸ್ಸಿಗೆ ಹತ್ತಿಸಿ ಬಂದ ದಿಲ್‌ಶಾದ್ ನೇರ ಶೋಕೇಸಿಗೆ ಹೋಗಿ ಡಬ್ಬಿಗಳನ್ನು ಒಂದೊಂದಾಗಿ ಬೋರಲು ಹಾಕಿದಳು. ಎಲ್ಲದರ ಅಂಚಿನಲ್ಲೂ ಕಪ್ಪು ರಬ್ಬರ್. ಮೂಲೆಯದಕ್ಕೆ ಮಾತ್ರ ಇಲ್ಲ.

"ಎಲ್ಲಾ ನೀನೇ ತಿಂದ್ಯಾ?"

"ಹೂಂ."

"ವಾಯು?"

"ಬರ್ಲಿಲ್ಲ."

"ಕೂಸು?"

"ಈಗ್ಲೂ ಒದೀತು."

"ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಕೊಡ್ತಿದ್ರಾ ಅಮ್ಮಾ?"

ದಿಲ್‌ಶಾದ್ ಅಡಿಗೆಮನೆಯಿಂದ ಬೋಗುಣಿ ತಂದು, ರಬ್ಬರ್ ಕಿತ್ತು, ಡಬ್ಬಿಗಳೊಳಗಿನ ಕಡಲೆಯನ್ನೆಲ್ಲ ಸುರಿದಳು. ಕಲ್ಲು ಆರಿಸಿದಳು. ಕೊಡದಿಂದ ನೀರು ಬಗ್ಗಿಸಿದಳು.

"ನಾಳೆ ಬೆಳಿಗ್ಗೆ ಬೇಯ್ಸು. ಮೆತ್ತಗೆ ಬೇಯ್ಸು. ನಿಂಬೆಹಣ್ಣು ಪಕ್ಕದ ಮನೇಲಿ ಇಸ್ಕೊಂಬರ್ತೀನಿ."

ಆಮೇಲೆ ಖಾಲಿ ಡಬ್ಬಿಗಳನ್ನು ಒರೆಸಿ, ಚಿತ್ರ ಮುಂದೆ ಬರುವಂತೆ ಶೋಕೇಸಿನಲ್ಲಿ ಸಾಲಾಗಿ ನಿಲ್ಲಿಸಿದಳು. ಮೂಲೆಯ ಡಬ್ಬಿಯನ್ನು ಎಲ್ಲಕ್ಕಿಂತ ಮುಂದೆ ತಂದಿಟ್ಟಳು.

"ಇದನ್ನ ಮಾತ್ರ ಮುಟ್ಬ್ಯಾಡ," ಎಂದಳು. "ಮದುವೆ ಮುಗಿಯೋ ತನಕ. ಯಾರಾದ್ರೂ ಕೈಗೆ ಕೊಡ್ರಿ ಅಂದ್ರೆ ಒಂದಾದ್ರೂ ನಿಜದ್ದಿರ್ಬೇಕು."