ಅತ್ತಿಗೆಯ ಕೈಗೆ ಒಪ್ಪಿದ ಪಂಚ್

ನಮ್ಮ ವರ್ಕ್‌ಶಾಪಿನಲ್ಲಿ ಒಂದು ಕಟ್ಟಳೆ ಇದೆ: ತೂತಿಗೆ ಗುರುತು ಹಾಕಿದವರೇ ಆ ಕೆಲಸಕ್ಕೆ ಹೊಣೆ. ಬಾಗಿಲಿನ ಹಿತ್ತಾಳೆ ಹಿಡಿಕೆ, ಬೀಗದ ತಟ್ಟೆ ಮಾಡುವ ಪುಟ್ಟ ಜಾಗ ನಮ್ಮದು. ಇರುವವರು ಅಣ್ಣ, ಅತ್ತಿಗೆ, ನಾನು. ಗುರುತು ಹಾಕುವ ಮೇಜು ಮೊದಲಿಂದಲೂ ಅತ್ತಿಗೆಯದು. ಸೆಂಟರ್ ಪಂಚ್ ಎಂಬ ಚೂಪು ಉಕ್ಕಿನ ಕಡ್ಡಿಯ ಮೊನೆಯನ್ನು ಗೆರೆಗಳು ಕೂಡುವಲ್ಲಿ ನಿಲ್ಲಿಸಿ, ಸುತ್ತಿಗೆಯಿಂದ ಒಂದೇ ಪೆಟ್ಟು. ಆ ಚುಕ್ಕಿಯಲ್ಲಿ ಡ್ರಿಲ್ ಕೂತಿತೆಂದರೆ ಅತ್ತಿತ್ತ ಜಾರುವ ಮಾತೇ ಇಲ್ಲ.

ಅತ್ತಿಗೆಯ ಬಲಗೈ ಮಣಿಕಟ್ಟು ಮುರಿದು ಕೂಡಿಕೊಂಡ ಮೇಲೆ ಆ ಕೈಯಲ್ಲಿ ಸುತ್ತಿಗೆ ನಿಲ್ಲದಾಯಿತು. ಮೇಜಿಗೆ ಅಣ್ಣ ಬಂದ. ಅತ್ತಿಗೆ ಮೂಲೆಯಲ್ಲಿ ತಟ್ಟೆಗಳ ಅಂಚು ಉಜ್ಜುತ್ತ ಕೂತರು. ಮಾತಾಡದ ಅತ್ತಿಗೆಯನ್ನು ನಾನು ಅದಕ್ಕೆ ಮುಂಚೆ ಕಂಡೇ ಇರಲಿಲ್ಲ.

ಅಣ್ಣನೇನೂ ಕಲ್ಲೆದೆಯವನಲ್ಲ. ಸುತ್ತಿಗೆಯೇ ಬೇಡದ, ಒತ್ತಿದರೆ ಒಳಗಿನ ಸ್ಪ್ರಿಂಗೇ ಪೆಟ್ಟು ಕೊಡುವ ಆಟೋಮ್ಯಾಟಿಕ್ ಪಂಚ್ ತಂದ. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದಪ್ಪನೆಯದು, ಸ್ಪ್ರಿಂಗೂ ಅಷ್ಟೇ ಬಿಗಿ. ಅತ್ತಿಗೆ ಎಡಗೈಯಲ್ಲಿ ಒತ್ತಿದರು, ಎದ್ದು ನಿಂತು ಒತ್ತಿದರು, ಮೈಭಾರವೆಲ್ಲ ಹಾಕಿದರು. ಅಂತೂ ಅದು ಟಕ್ ಎಂದಾಗ ಮೊನೆ ಗೆರೆ ಬಿಟ್ಟು ಸರಿದಿತ್ತು.

"ಹೋಗ್ಲಿ ಬಿಡೇ, ನಾನೇ ಹಾಕ್ತೀನಿ," ಎಂದ ಅಣ್ಣ.

"ಆನೆಗೆ ಆಗೋದನ್ನ ತಂದುಕೊಟ್ಟು, ಆಮೇಲೆ ಬಿಡು ಅಂತೀರಲ್ರೀ!" ಅತ್ತಿಗೆ ನನ್ನ ಕಡೆ ತಿರುಗಿದರು. "ಗಾಡಿ ತೆಗಿಯೋ. ನನ್ನ ಕೈಗೆ ಬೇಕಾದ್ದನ್ನ ನಾನೇ ನೋಡ್ತೀನಿ."

ಅಂಗಡಿಯವನು ಇದ್ದಬದ್ದ ಪಂಚುಗಳನ್ನೆಲ್ಲ ಮುಂದೆ ಸುರಿದ. "ಇದು ನೋಡಿ ಅಕ್ಕಾ, ಹೊಳಪು ಹೇಗಿದೆ!"

"ಮುಖ ನೋಡ್ಕೊಳ್ಳೋಕೆ ಮನೇಲಿ ಕನ್ನಡಿ ಇದೆ ಕಣಪ್ಪ."

ಒಂದೊಂದರ ಮೊನೆಯನ್ನೂ ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ಹೊಳಪಿನದು ಹಾಲುಹಲ್ಲಿನ ಹಾಗೆ ಆಡಿತು, ಅದನ್ನು ಪಕ್ಕಕ್ಕಿಟ್ಟರು. ತಲೆ ಚೂಪಾಗಿದ್ದದ್ದು ಅಂಗೈಗೆ ಚುಚ್ಚಿತು, ಅದೂ ಪಕ್ಕಕ್ಕೆ ಹೋಯಿತು. ಆಮೇಲೆ ಚೀಲದಿಂದ ಒಂದು ಹಿತ್ತಾಳೆ ಚೂರು ತೆಗೆದರು. ಅದರ ಮೇಲೆ ಒಂದನ್ನೊಂದು ದಾಟುವ ಎರಡು ಗೆರೆ ಗೀಚಿಕೊಂಡೇ ಬಂದಿದ್ದರು. ಕಣ್ಣು ಮುಚ್ಚಿ, ಮೊನೆಯನ್ನು ಒಂದು ಗೆರೆಯೊಳಗೆ ಇಟ್ಟು ಮೆಲ್ಲಗೆ ಎಳೆದರು. ಮೊಂಡು ಮೊನೆಯವು ಇನ್ನೊಂದು ಗೆರೆ ಬಂದದ್ದೇ ತಿಳಿಯದೆ ದಾಟಿ ಹೋದವು. ಒಂದು ಕಪ್ಪು, ಮೋಟು ಪಂಚ್ ಮಾತ್ರ ಗೆರೆಗಳು ಕೂಡುವಲ್ಲಿ ತಡೆದು ನಿಂತಿತು. ನನಗದು ಗೊತ್ತಾದದ್ದು ಅತ್ತಿಗೆಯ ಮೇಲೇರಿದ ಹುಬ್ಬಿನಿಂದ.

ಪಂಚಿನ ತಲೆಯನ್ನು ತಿರುಗಿಸಿ ಸ್ಪ್ರಿಂಗ್ ಕೊಂಚ ಸಡಿಲಿಸಿದರು. ಎಡ ಅಂಗೈ ಇಟ್ಟು ಒತ್ತಿದರು. ಟಕ್! ನೆಟ್ಟಗೆ ಗೆರೆ ಕೂಡುವ ಜಾಗದಲ್ಲೇ ಚುಕ್ಕಿ.

"ಸ್ವಲ್ಪ ಬಿಗಿ ಮಾಡ್ಕೊಡ್ಲಾ ಅಕ್ಕಾ? ಪೆಟ್ಟು ಜೋರಾಗಿ ಬೀಳುತ್ತೆ."

"ಚುಕ್ಕಿ ಇಡೋಕೆ ಬಂದಿದೀನಪ್ಪ, ಜಗಳಕ್ಕಲ್ಲ."

ವರ್ಕ್‌ಶಾಪಿಗೆ ಮರಳಿ ನೇರ ಮೇಜಿಗೇ ಹೋದರು. ಅಲ್ಲಿ ಒಂದು ದೊಡ್ಡ ಬೀಗದ ತಟ್ಟೆ ಕಾದಿತ್ತು. ತೂತು ತಪ್ಪಿದರೆ ಅದು ಮತ್ತೆ ಕುಲುಮೆಗೇ. ಅಣ್ಣ ಬೇಡ ಎನ್ನುವಷ್ಟರಲ್ಲಿ ಟಕ್, ಟಕ್, ಟಕ್, ಟಕ್.

ಅಣ್ಣ ಭೂತಗನ್ನಡಿ ಹಿಡಿದು ಬಗ್ಗಿದ. "ಈ ಕೊನೇದು ಒಂದು ಕೂದಲಷ್ಟು ಆಚೆ ಹೋಗಿದೆ ಕಣೇ."

"ಅಳೀರಿ."

ಅಳೆದ. ಇನ್ನೊಮ್ಮೆ ಅಳೆದ. ತಪ್ಪು ಅಳತೆಪಟ್ಟಿಯದೇ ಇರಬಹುದೆಂಬಂತೆ ಅದನ್ನೇ ದುರುಗುಟ್ಟಿ ನೋಡಿದ. ಆಮೇಲೆ ನಗುತ್ತ ಮೇಜಿನ ಮುಂದಿನ ಸ್ಟೂಲನ್ನು ಅತ್ತಿಗೆಯ ಕಡೆ ತಳ್ಳಿದ. "ಈ ತಟ್ಟೆಗೆ ನೀನೇ ಹೊಣೆ, ತಾಯಿ. ಮುಂದಿನದಕ್ಕೂ."

ಡ್ರಿಲ್ ಇಳಿಯಿತು. ಹಿತ್ತಾಳೆಯ ಪುಡಿ ಹೊನ್ನಿನ ಹಾಗೆ ಉದುರಿತು. ಡ್ರಿಲ್ಲಿನ ಮೊನೆ ಒಂದೆಳೆಯೂ ಜಾರಲಿಲ್ಲ. ಅತ್ತಿಗೆ ಬೆನ್ನು ತಿರುಗಿಸಿದ್ದೇ ತಡ, ಅಣ್ಣ ಕಪ್ಪು ಪಂಚ್ ಎತ್ತಿಕೊಂಡು ಒಂದು ತಗಡಿನ ಮೇಲೆ ಟಕ್ ಟಕ್ ಶುರುಮಾಡಿದ.

"ರೀ! ಆಟದ ಸಾಮಾನಲ್ಲ ಅದು."

"ನಂಗೂ ಇಂಥದ್ದೊಂದು ತರಬಾರದಿತ್ತೇನೇ?"

"ನಾಳೆ ಬನ್ನಿ, ಆರಿಸ್ಕೊಡ್ತೀನಿ. ನಿಮ್ಮ ಕೈಗೆ ಬೇರೇನೇ ನೋಡ್ಬೇಕು."